ಫ್ಯಾಕ್ಟ್ ಚೆಕ್: ನಾಳೆಯ ಮಾತಿಗೆಲ್ಲ ಇಂಗ್ಲಿಷ್‌ನಲ್ಲಿ ‘ವಿಲ್’ ಒಂದೇ ಸರಿಯೇ?

‘ನಾಳೆಯ ಮಾತಾದರೆ ವಿಲ್ ಅಥವಾ ಶಲ್ ಹಾಕಿ. ಗೋಯಿಂಗ್ ಟು ಎನ್ನುವುದು ತಪ್ಪು ಇಂಗ್ಲಿಷ್.’ ಇಂಥ ಚಾರ್ಟುಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಇಂಟರ್‌ವ್ಯೂಗೆ ತಯಾರಾಗುವ ಹುಡುಗ ಹುಡುಗಿಯರು ಇವನ್ನು ನಂಬಿ, ಸರಿಯಾಗಿ ಬರೆದ ವಾಕ್ಯವನ್ನೇ ಹೊಡೆದುಹಾಕುತ್ತಾರೆ. ಹಾಗಾಗಿ ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಚಾರ್ಟ್ ಹೇಳುವುದು ಸರಿಯೇ?

ಅರ್ಧ ಮಾತ್ರ ಸರಿ. ವಿಲ್ ಭವಿಷ್ಯವನ್ನು ಹೇಳುತ್ತದೆ, ಆದರೆ ಅದೊಂದೇ ಅಲ್ಲ. ಇಂಗ್ಲಿಷ್‌ನಲ್ಲಿ ‘ವರ್ಕ್’ ಎಂಬುದಕ್ಕೆ ‘ವರ್ಕ್ಡ್’ ಎಂಬ ಭೂತಕಾಲದ ರೂಪವಿದೆ. ಭವಿಷ್ಯಕ್ಕೆಂದೇ ಅಂಥ ರೂಪವಿಲ್ಲ. ಅದಕ್ಕೇ ನಾಳೆಯ ಮಾತನ್ನು ಹಲವು ಬಗೆಯಲ್ಲಿ ಹೇಳುತ್ತಾರೆ.

‘ಗೋಯಿಂಗ್ ಟು’ ಹೊಸ ಫ್ಯಾಶನ್ ಅಲ್ಲ. ಜೋಶುವಾ ಪೂಲ್ 1646ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲೇ ಅದರ ಪ್ರಸ್ತಾಪವಿದೆ. ‘ಗೊನ್ನ’ ಎಂಬ ಬರವಣಿಗೆ ಮಾತ್ರ ಸಲಿಗೆಯದು, ಅರ್ಜಿಯಲ್ಲಿ ಬೇಡ. ‘ಐ, ವಿ ಬಂದರೆ ಶಲ್, ಉಳಿದವರಿಗೆ ವಿಲ್’ ಎಂಬ ನಿಯಮವನ್ನು ಜಾನ್ ವಾಲಿಸ್ 1653ರಲ್ಲಿ ಬರೆದರು. ಇಂದು ಎಲ್ಲರಿಗೂ ವಿಲ್ ನಡೆಯುತ್ತದೆ. ‘ಶಲ್ ವಿ ಗೋ?’ ಎಂದು ಕೇಳುವಾಗ ಶಲ್ ಇನ್ನೂ ಬಳಕೆಯಲ್ಲಿದೆ.

ಒಂದು ಕಬ್ಬಿನ ಹೊಲ, ನಾಲ್ಕು ವಾಕ್ಯ

ಗೋಕಾಕ ಮೂಡಲಗಿ ಸೀಮೆಯ ತುಕ್ಕಾನಟ್ಟಿಯಲ್ಲಿ ಒಂದು ಮನೆಯವರು ಕಬ್ಬು ಬೆಳೆದಿದ್ದಾರೆ ಎಂದುಕೊಳ್ಳಿ.

1. ‘ವಿ ಆರ್ ಗೋಯಿಂಗ್ ಟು ಕಟ್ ದ ಕೇನ್ ನೆಕ್ಸ್ಟ್ ಮಂತ್.’ ಕಡಿಯಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ. ಆಳು, ಗಾಡಿ ಇನ್ನೂ ಗೊತ್ತಾಗಿಲ್ಲ.

2. ‘ವಿ ಆರ್ ಕಟಿಂಗ್ ದ ಕೇನ್ ಆನ್ ಮಂಡೇ.’ ಕಡಿಯುವ ಗ್ಯಾಂಗಿಗೆ ಹೇಳಿಯಾಗಿದೆ, ಟ್ರ್ಯಾಕ್ಟರ್ ಗೊತ್ತಾಗಿದೆ, ದಿನವೂ ನಿಗದಿಯಾಗಿದೆ.

3. ‘ಐ ವಿಲ್ ಕಮ್ ಅಂಡ್ ಹೆಲ್ಪ್.’ ಆಳು ಕಡಿಮೆ ಎಂದು ಕೇಳಿದ ಕೂಡಲೇ ಪಕ್ಕದ ಹೊಲದವರು ಹೇಳುವ ಮಾತು. ಆಗಲೇ ಮಾಡಿದ ನಿರ್ಧಾರ, ಕೊಟ್ಟ ಭರವಸೆ.

4. ‘ಕ್ರಷಿಂಗ್ ಸ್ಟಾರ್ಟ್ಸ್ ಆನ್ ದ ಫಸ್ಟ್.’ ಕಾರ್ಖಾನೆ ಪ್ರಕಟಿಸಿದ ದಿನ. ರೈಲು, ಬಸ್ಸು, ಪರೀಕ್ಷೆಯ ವೇಳಾಪಟ್ಟಿಗೂ ಇದೇ ರೂಪ.

ಮೊದಲ ಎರಡರ ನಡುವೆ ಗಟ್ಟಿ ಗೋಡೆಯೇನಿಲ್ಲ. ಎಷ್ಟೋ ಕಡೆ ಎರಡೂ ಒಪ್ಪುತ್ತವೆ.

ಇದು ನಮಗೆ ಗೊತ್ತಿರುವುದೇ

ಬೆಳಗಾವಿ ಕಡೆಯ ಮಾತನ್ನೇ ಗಮನಿಸಿ. ‘ನಾಳೆ ಹೋಗಾಂವ ಅದೀನಿ’, ‘ಹೋಗಾಕಿ ಅದೀನಿ’ ಎಂದರೆ ಮೊದಲೇ ಮನಸ್ಸು ಮಾಡಿಯಾಗಿದೆ. ಇದು ಗೋಯಿಂಗ್ ಟುಗೆ ಹತ್ತಿರ. ‘ಹೋದ್ರ ಹೋದೇನು’ ಎಂದರೆ ಖಾತ್ರಿಯಿಲ್ಲ; ಅದಕ್ಕೆ ‘ಐ ಮೈಟ್ ಗೋ’. ‘ನಾಳೆ ಸಂತಿ ಐತಿ’ ಎನ್ನುವಾಗ ನಾಳೆಯ ಮಾತಿಗೆ ವರ್ತಮಾನವನ್ನೇ ಬಳಸುತ್ತೇವೆ. ತೊಡಕಾಗುವುದು ‘ಹೋಗ್ತೀನಿ’ ಎಂಬಲ್ಲಿ. ಯೋಜನೆ, ಭರವಸೆ, ದಿನಚರಿ ಎಲ್ಲಕ್ಕೂ ಅದು ಸಲ್ಲುವುದರಿಂದ, ಇಂಗ್ಲಿಷ್‌ಗೆ ಹೋದಾಗ ಎಲ್ಲ ಕಡೆ ವಿಲ್ ಬಂದು ಕೂರುತ್ತದೆ.

ಇಂಟರ್‌ವ್ಯೂನಲ್ಲಿ ಇದರಿಂದ ಏನಾಗುತ್ತದೆ?

‘ಮುಂದೇನು ಮಾಡುತ್ತೀರಿ?’ ಎಂದು ಕೇಳಿದಾಗ ‘ಐ ವಿಲ್ ಡು ಬಿ.ಎಡ್.’ ಎಂದರೂ ಅರ್ಥವಾಗುತ್ತದೆ. ಆದರೆ ಈಗಷ್ಟೇ ಹೊಳೆದದ್ದು ಎಂದು ಎದುರಿನವರಿಗೆ ಅನಿಸಬಹುದು. ‘ಐ ಆ್ಯಮ್ ಗೋಯಿಂಗ್ ಟು ಡು ಬಿ.ಎಡ್.’ ಎಂದರೆ ಮೊದಲೇ ಯೋಚಿಸಿದ್ದೀರಿ ಎಂದು ತಿಳಿಯುತ್ತದೆ. ಸೀಟು ಸಿಕ್ಕಿ ದಿನ ಗೊತ್ತಾಗಿದ್ದರೆ ‘ಐ ಆ್ಯಮ್ ಜಾಯಿನಿಂಗ್ ಆನ್ ಮಂಡೇ’.

ಇನ್ನೊಂದು ಸಾಮಾನ್ಯ ತಪ್ಪು: ‘ವೆನ್ ಐ ವಿಲ್ ರೀಚ್ ಬೆಳಗಾವಿ, ಐ ವಿಲ್ ಕಾಲ್.’ ಮೊದಲ ವಿಲ್ ಬೇಡ. ‘ವೆನ್ ಐ ರೀಚ್’ ಸಾಕು. ‘ಮುಟ್ಟಿದ ಮ್ಯಾಲೆ ಫೋನ್ ಮಾಡ್ತೀನಿ’ ಎನ್ನುವಾಗ ನಾವೂ ‘ಮುಟ್ಟುವ ಮ್ಯಾಲೆ’ ಎನ್ನುವುದಿಲ್ಲವಲ್ಲ!

ತೀರ್ಮಾನ

‘ವಿಲ್ ಒಂದೇ ಸರಿ, ಗೋಯಿಂಗ್ ಟು ತಪ್ಪು’ ಎಂಬ ಮಾತು ದಾರಿ ತಪ್ಪಿಸುವಂಥದ್ದು. ಬಾಯಿ ತೆರೆಯುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಮೊದಲೇ ಯೋಚಿಸಿದ್ದೋ, ಏರ್ಪಾಟಾಗಿದ್ದೋ, ಈಗ ಹೊಳೆದದ್ದೋ? ಉತ್ತರ ಸಿಕ್ಕರೆ ರೂಪವೂ ಸಿಗುತ್ತದೆ. ಆ ಚಾರ್ಟ್ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸಬೇಡಿ, ಕಬ್ಬಿನ ನಾಲ್ಕು ವಾಕ್ಯ ಕಳಿಸಿ.