ಬೆಳ್ಳಿಗೆ ಅಗೆದವನಿಗೆ ಸಿಕ್ಕ ತಾಮ್ರ

ಕಂದಿಕೆರೆ ಸೀಮೆಯಲ್ಲಿ ಗಣಿ ಧಣಿ ಅಂದರೆ ಅದಿರಿನ ಲಾರಿ, ತೆಂಗಿನ ಗರಿಯ ಮೇಲೆ ಕೂರುವ ಕೆಂಪು ಧೂಳು, 2011ರಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆಗೆ ಹಾಕಿದ ತಡೆ ನೆನಪಾಗುತ್ತವೆ. ರೇಸ್ ಕುದುರೆ ಅಂದರೆ ಇದೇ ಜಿಲ್ಲೆಯ ಕುಣಿಗಲ್ ಫಾರಂ. ಎರಡನ್ನೂ ಒಟ್ಟಿಗೆ ನಡೆಸಿದವನೊಬ್ಬ ದೂರದ ಅಮೆರಿಕದ ಮೊಂಟಾನಾದಲ್ಲಿದ್ದ. ಹೆಸರು ಮಾರ್ಕಸ್ ಡೇಲಿ.

ಐರ್ಲೆಂಡಿನ ಬಡಕುಟುಂಬದಲ್ಲಿ 1841ರಲ್ಲಿ ಹುಟ್ಟಿದವನು, ಹದಿಹರೆಯದಲ್ಲೇ ಹಡಗು ಹತ್ತಿದ. ಓದು ಅಷ್ಟಕ್ಕಷ್ಟೆ. ನೆವಾಡಾದ ಬೆಳ್ಳಿ ಗಣಿಗಳಲ್ಲಿ ಕೂಲಿ ಮಾಡುತ್ತಲೇ ಕಲ್ಲಿನ ಗುಣ ಕಲಿತ. 1876ರಲ್ಲಿ ಮೊಂಟಾನಾದ ಬ್ಯೂಟ್ ಎಂಬ ಗುಡ್ಡದೂರಿಗೆ ಬಂದು, ಕೆಲವು ವರ್ಷಗಳ ಬಳಿಕ ಮೈಕೆಲ್ ಹಿಕಿ ಗುರುತಿಸಿದ್ದ ಅನಕೊಂಡಾ ಗಣಿಯನ್ನು ಕೊಂಡ. ದುಡ್ಡು ಹಾಕಿದವರು ಹರ್ಸ್ಟ್, ಹ್ಯಾಗಿನ್, ಟೆವಿಸ್.

ಎಲ್ಲರ ಕಣ್ಣೂ ಬೆಳ್ಳಿಯ ಮೇಲೆ. ಆದರೆ ಆಳಕ್ಕೆ ಹೋದಂತೆ ಬೆಳ್ಳಿ ತೆಳುವಾಯಿತು. 1882ರಲ್ಲಿ, ಸುಮಾರು 300 ಅಡಿ ಕೆಳಗೆ, ಬೇರೆಯದೇ ಅದಿರು ಎದುರಾಯಿತು: ಬೂದುಗಪ್ಪು ಬಣ್ಣ, ಲೋಹದ ಹೊಳಪು, ಕೈಗೆತ್ತಿಕೊಂಡರೆ ಭಾರ. ಅದು ಚಾಲ್ಕೊಸೈಟ್. ಅಪ್ಪಟವಾಗಿದ್ದರೆ ತೂಕದ ಶೇ 80ರಷ್ಟು ತಾಮ್ರವೇ.

ಬ್ಯೂಟ್‌ನಲ್ಲಿ ತಾಮ್ರ ಕಂಡವರು ಮೊದಲೂ ಇದ್ದರು. ಸಾಗಿಸುವ ಖರ್ಚೇ ಹುಟ್ಟುತ್ತಿರಲಿಲ್ಲ, ಹಾಗಾಗಿ ಯಾರಿಗೂ ಬೇಡವಾಗಿತ್ತು. ಡೇಲಿ ಕಂಡುಹಿಡಿದದ್ದು ತಾಮ್ರವನ್ನಲ್ಲ, ಅದರ ಕಾಲ ಬಂದಿದೆ ಎಂಬುದನ್ನು ಅಂತ ನನ್ನ ಅಭಿಪ್ರಾಯ. 1881ರ ಕೊನೆಗೆ ಊರಿಗೆ ರೈಲು ಬಂದಿತ್ತು. 1882ರ ಸೆಪ್ಟೆಂಬರಿನಲ್ಲಿ ಎಡಿಸನ್ ನ್ಯೂಯಾರ್ಕಿನ ಬೀದಿಗಳಿಗೆ ವಿದ್ಯುತ್ ಹರಿಸಿದ. ಇನ್ನು ತಾಮ್ರದ ತಂತಿ ಎಷ್ಟಿದ್ದರೂ ಸಾಲದು. ಮೊದಮೊದಲು ಅದಿರು ಕರಗಿಸಲು ವೇಲ್ಸ್‌ನ ಸ್ವಾನ್ಸಿಗೇ ಹೋಗುತ್ತಿತ್ತು. 1884ರಲ್ಲಿ ಅನಕೊಂಡಾ ಎಂಬ ಹೊಸ ಊರಿನಲ್ಲಿ ಅವನದೇ ಕುಲುಮೆಗಳು ಉರಿದವು. ಸುದ್ದಿ ಬಚ್ಚಿಟ್ಟು, ಗಣಿ ಮುಗಿಯಿತೆಂದು ನಂಬಿಸಿ, ಅಕ್ಕಪಕ್ಕದ ಗಣಿಗಳನ್ನು ಅಗ್ಗಕ್ಕೆ ಕೊಂಡ ಎಂಬ ಮಾತೂ ಇದೆ. ವ್ಯಾಪಾರಸ್ಥ, ಮಾಡಿದ್ದರೆ ಆಶ್ಚರ್ಯವೇನಿಲ್ಲ.

ಆ ದುಡ್ಡಿನಲ್ಲಿ ಬಿಟರ್‌ರೂಟ್ ಕಣಿವೆಯಲ್ಲಿ ಕುದುರೆ ಫಾರಂ ಎದ್ದಿತು. ಎತ್ತರದ ತೆಳು ಗಾಳಿಯಲ್ಲಿ ಬೆಳೆದ ಮರಿಯ ಶ್ವಾಸಕೋಶ ಗಟ್ಟಿಯಾಗುತ್ತದೆ ಎಂಬುದು ಡೇಲಿಯ ನಂಬಿಕೆ. ರೇಸ್ ಕುದುರೆಗೆ ಹೆಸರಾದ ಕೆಂಟಕಿಯವರು ನಕ್ಕಿರಬೇಕು. ಆದರೆ 1897ರಲ್ಲಿ ಅವನ ಸ್ಕಾಟಿಷ್ ಚೀಫ್ಟನ್ ಬೆಲ್ಮಾಂಟ್ ರೇಸ್ ಗೆದ್ದಿತು.

1900ರಲ್ಲಿ ಡೇಲಿ ತೀರಿಕೊಂಡ. ಕುದುರೆಗಳು ಹರಾಜಾದವು. ಅದರಲ್ಲಿ ಜೇಮ್ಸ್ ಕೀನ್ ಎಂಬವನ ಪಾಲಾದ ಆಪ್ಟೈಮ್ ಎಂಬ ಹೆಣ್ಣು ಕುದುರೆ 1902ರಲ್ಲಿ ಈದ ಮರಿಯೇ ಸೈಸನ್‌ಬಿ. ಓಡಿದ 15 ರೇಸುಗಳಲ್ಲಿ 14 ಗೆದ್ದಿತು. ಬಹುಮಾನವೆಲ್ಲ ಕೀನ್ ಜೇಬಿಗೆ.