ಮುಖ ಕಂಡಿತು, ಮೂಲ ಕಂಡಿತೇ?

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲದ ಮುಂದೆ ನಿಂತ ಅನುಭವಿ ಖರೀದಿದಾರ 'ಇದು ಎಲ್ಲಿಯ ಮಾಲು?' ಎಂದು ಕೇಳದೆ ಮುಂದುವರಿಯುವುದಿಲ್ಲ. ಅಲ್ಲಿಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಾಯಿಯೂ ಬರುತ್ತದೆ. ಕೆಂಪಗಿರುವುದೆಲ್ಲ ಬ್ಯಾಡಗಿ ತಳಿಯಲ್ಲ. 2011ರಲ್ಲಿ ಈ ಮೆಣಸಿನಕಾಯಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತದ್ದೂ ಮೂಲಕ್ಕೆ ಬೆಲೆಯಿದೆ ಎಂಬ ಕಾರಣಕ್ಕಾಗಿಯೇ.

ಇಷ್ಟು ಎಚ್ಚರವುಳ್ಳ ನಾವು, ಪರದೆಯ ಮೇಲೆ ಮೂಡಿದ ಮುಖವನ್ನು ಮಾತ್ರ ಹಿಂದುಮುಂದು ನೋಡದೆ ನಂಬಿಬಿಡುತ್ತೇವೆ. ರಾಣೆಬೆನ್ನೂರಿನಲ್ಲಿರುವ ನನ್ನ ನಿವೃತ್ತ ಸಹೋದ್ಯೋಗಿಯೊಬ್ಬರು ಮೊಬೈಲಿಗೆ ಬಂದ ಕೊಂಡಿಯೊಂದನ್ನು ಒತ್ತಿದರು. ಬ್ರೌಸರ್‌ನಲ್ಲಿ ಪೊಲೀಸ್ ಸಮವಸ್ತ್ರಧಾರಿಯೊಬ್ಬ ಪ್ರತ್ಯಕ್ಷನಾದ. ಎರಡು ಗಂಟೆ ಅವರು ಕೋಣೆಯಿಂದ ಹೊರಬರಲಿಲ್ಲ. ಮಗಳು ಬಾಗಿಲು ಬಡಿಯದಿದ್ದರೆ ಠೇವಣಿ ಮುರಿಸಲು ಬ್ಯಾಂಕಿಗೆ ಹೊರಡುವವರಿದ್ದರು. 'ಕಣ್ಣಾರೆ ನೋಡೀನ್ರಿ ಸಾಹೇಬ್ರ, ಸುಳ್ಳು ಹೆಂಗ ಆಕ್ಕೈತಿ?' ಎಂಬುದು ಅವರ ಪ್ರಶ್ನೆ.

ಅವರು ಕಂಡದ್ದಾದರೂ ಏನನ್ನು? ಹಾವೇರಿಯ ಮನೆಯಲ್ಲಿ ಕುಳಿತು ಬೆಂಗಳೂರಿನ ಮೊಮ್ಮಗಳೊಡನೆ ನಾನೂ ಹೀಗೆಯೇ ಮಾತನಾಡುತ್ತೇನೆ. ಕ್ಯಾಮೆರಾ, ಮೈಕ್ ಬಳಸಲು ಬ್ರೌಸರ್ ಮೊದಲು ಅನುಮತಿ ಕೇಳುತ್ತದೆ. ಮೂಲೆಯಲ್ಲಿ ಕಾಣುವ ನನ್ನ ಚಿಕ್ಕ ಚಿತ್ರ ನೇರವಾಗಿ ನನ್ನ ಕ್ಯಾಮೆರಾದಿಂದಲೇ ಬಂದದ್ದು. ಅದು ಬೆಂಗಳೂರಿಗೆ ಹೋಗಿ ಮರಳಿದ್ದಲ್ಲ. ಜಾಲ ನಿಧಾನವಾದಾಗ ಮೊಮ್ಮಗಳ ಚಿತ್ರ ನಿಂತುಹೋದರೂ ನನ್ನದು ಅಲುಗಾಡುತ್ತಿರುವುದು ಅದಕ್ಕೇ. ದೊಡ್ಡ ಚಿತ್ರ ಅವಳ ಉಪಕರಣದಿಂದ ಬರುತ್ತದೆ.

ನಡುವಿನ ಸರ್ವರ್ ಬಹುಮಟ್ಟಿಗೆ ಹೆಣ್ಣು-ಗಂಡಿನ ಮನೆಯವರನ್ನು ಪರಿಚಯಿಸಿ ಪಕ್ಕಕ್ಕೆ ಸರಿಯುವ ಮಧ್ಯಸ್ಥನಂತೆ. ಎರಡೂ ಕಡೆಯ ವಿಳಾಸ ವಿನಿಮಯವಾದ ಮೇಲೆ ದೃಶ್ಯ, ಧ್ವನಿಗಳು ನೇರವಾಗಿ ಸಾಗುತ್ತವೆ. ನೇರ ದಾರಿ ಸಿಗದಿದ್ದರೆ ಮತ್ತೊಂದು ಸರ್ವರ್ ಅವನ್ನು ಹೊತ್ತು ದಾಟಿಸುತ್ತದೆ, ಬಿಚ್ಚಿ ನೋಡಲಾರದು. ಹಲವರು ಸೇರುವ ಸಭೆಗಳು ಮಾತ್ರ ಸಾಮಾನ್ಯವಾಗಿ ಕೇಂದ್ರ ಸರ್ವರ್ ಮೂಲಕವೇ ನಡೆಯುತ್ತವೆ. ವೆಬ್‌ಆರ್‌ಟಿಸಿ ಎಂಬ ಈ ತಂತ್ರಜ್ಞಾನವನ್ನು ಗೂಗಲ್ 2011ರಲ್ಲಿ ಮುಕ್ತಗೊಳಿಸಿತು. 2021ರ ಜನವರಿಯಲ್ಲಿ ಅದು ಅಧಿಕೃತ ಜಾಗತಿಕ ಮಾನಕವಾಯಿತು. ಇದರಲ್ಲಿ ಗೂಢಲಿಪೀಕರಣ ಕಡ್ಡಾಯ.

ನಾವು ಎಡವುವುದು ಇಲ್ಲಿಯೇ. ಗೂಢಲಿಪಿ ದಾರಿಯನ್ನು ಕಾಯುತ್ತದೆ, ಕಳುಹಿಸಿದವನ ಪ್ರಾಮಾಣಿಕತೆಗೆ ಸಾಕ್ಷಿ ನುಡಿಯುವುದಿಲ್ಲ. ಚೀಲದ ಮೊಹರು ಭದ್ರವಾಗಿದೆ, ನಿಜ, ಒಳಗೆ ತುಂಬಿದ್ದೇನು? ಆ ಬದಿಯ 'ಕ್ಯಾಮೆರಾ' ನಿಜವಾದ ಮಸೂರವೇ ಆಗಿರಬೇಕಿಲ್ಲ. ಮೊದಲೇ ಚಿತ್ರೀಕರಿಸಿದ ದೃಶ್ಯವನ್ನೋ, ಕೃತಕವಾಗಿ ಸೃಷ್ಟಿಸಿದ ಮುಖವನ್ನೋ ಕ್ಯಾಮೆರಾದಂತೆ ಉಣಿಸುವ ತಂತ್ರಾಂಶಗಳಿವೆ. ಸಮವಸ್ತ್ರವಂತೂ ಬಾಡಿಗೆಗೂ ದೊರೆಯುತ್ತದೆ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದಾಗ ಮಾರುಕಟ್ಟೆ ಹೇಗೆ ಕೆಡುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ತೋರಿಸಿದ್ದರು. ಪರದೆಯ ಮುಂದೆ ನಾವೆಲ್ಲರೂ ಅಂತಹ ಕೊಳ್ಳುವವರೇ.

'ಡಿಜಿಟಲ್ ಬಂಧನ' ಎಂಬುದು ಕಾನೂನಿನಲ್ಲಿಯೇ ಇಲ್ಲವೆಂದು 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ 'ಮನದ ಮಾತು' ಕಾರ್ಯಕ್ರಮದಲ್ಲಿ ಎಚ್ಚರಿಸಿದ್ದರು. ಆದರೂ ಮುಖ ಕಂಡೊಡನೆ ವಿವೇಕ ಮಂಕಾಗುತ್ತದೆ. ಪರಿಹಾರ ಸರಳವಿದೆ: ಕರೆಯನ್ನು ಕಡಿದುಹಾಕಿ, ನಾವೇ ಹುಡುಕಿಕೊಂಡ ಸಂಖ್ಯೆಗೆ ಮರಳಿ ಕರೆಮಾಡುವುದು; ಮೋಸವೆನಿಸಿದರೆ 1930ಕ್ಕೆ ದೂರುವುದು. ಹಿಡಿ ಮೆಣಸಿನಕಾಯಿ ಕೊಳ್ಳುವಾಗ ಕೇಳುವ ಪ್ರಶ್ನೆಯನ್ನು ಜೀವಮಾನದ ಉಳಿತಾಯ ಒಪ್ಪಿಸುವ ಮುನ್ನವೂ ಕೇಳೋಣ: ಇದು ಎಲ್ಲಿಯ ಮಾಲು?