ಕಾಲಿದ್ದಷ್ಟು ಸೈಕಲ್ಲು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಸೈಕಲ್ಲಿನ ವಿಷಯದಲ್ಲಿ ಈ ನೀತಿ ತಲೆಕೆಳಗು. ಇಲ್ಲಿ ಕಾಲಿದ್ದಷ್ಟೇ ಸೈಕಲ್ಲಿರಬೇಕು. ತಾತನ ಕಾಲದ ಕರಿಯ ಸೈಕಲ್ಲನ್ನು ಹೊರತೆಗೆದು, ತುಕ್ಕು ಉಜ್ಜಿಸಿ, ಬಣ್ಣ ಬಳಿಸಿ ಮತ್ತೆ ಬೀದಿಗಿಳಿಸುವ ಉತ್ಸಾಹಿಗಳು ಇಂದಿಗೂ ಉಂಟು. ಆದರೆ ತಾತನಿಗೆ ಒಪ್ಪಿದ ಸೈಕಲ್ಲು ಮೊಮ್ಮಗನ ಮೊಣಕಾಲಿಗೂ ಒಪ್ಪಬೇಕೆಂಬ ನಿಯಮವೇನೂ ಇಲ್ಲ.

ಹಿಂದೆ ದೊಡ್ಡ ಮುಂಗಾಲಿಯ ಸೈಕಲ್ಲುಗಳಿದ್ದಾಗ ಸವಾರನ ಕಾಲಿನ ಉದ್ದವನ್ನು ನೋಡಿಯೇ ಚಕ್ರವನ್ನು ಆರಿಸುತ್ತಿದ್ದರು. ೧೮೮೫ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಸರಪಳಿಯಿಂದ ಓಡುವ 'ರೋವರ್' ಸೈಕಲ್ಲನ್ನು ರೂಪಿಸಿದ ಮೇಲೆ ಅಳತೆಯ ಹೊಣೆ ಚೌಕಟ್ಟಿಗೂ ಸೀಟಿಗೂ ಬಿದ್ದಿತು. ೧೯೪೯ರಲ್ಲಿ ಮದರಾಸಿನಲ್ಲಿ ಆರಂಭವಾದ ಟಿ.ಐ. ಸೈಕಲ್ಸ್, ಸೋನಿಪತ್ತಿನ ಅಟ್ಲಾಸ್, ಲುಧಿಯಾನದ ಹೀರೋ ಮೊದಲಾದ ಕಾರ್ಖಾನೆಗಳು ತಯಾರಿಸಿದ ದೊಡ್ಡ ಸೈಕಲ್ಲುಗಳು ಇಂಗ್ಲಿಷ್ ಮಾದರಿಯವೇ. ಅವುಗಳ ಚಕ್ರ ೨೮ ಅಂಗುಲ. ಚೌಕಟ್ಟು ಸಾಮಾನ್ಯವಾಗಿ ೨೨ ಅಥವಾ ೨೪ ಅಂಗುಲ.

ಈ ಎರಡು ಸಂಖ್ಯೆಗಳನ್ನು ಬೆರೆಸಬಾರದು. ಸರಪಳಿಯ ದೊಡ್ಡ ಹಲ್ಲುಚಕ್ರದ ನಡುಬಿಂದುವಿನಿಂದ, ಸೀಟಿನ ಕಂಬ ಇಳಿಯುವ ಕೊಳವೆಯ ಮೇಲಂಚಿನವರೆಗಿನ ಉದ್ದವೇ ಚೌಕಟ್ಟಿನ ಅಳತೆ. ಅದು ತಕ್ಕದ್ದೇ ಎಂದು ತಿಳಿಯಲು ಪಾದರಕ್ಷೆ ತೊಟ್ಟು, ಸೀಟಿನ ಮುಂದೆ ಅಡ್ಡದಂಡದ ಇಬ್ಬದಿಗೂ ಪಾದಗಳನ್ನು ಪೂರ್ತಿ ಊರಿ ನಿಲ್ಲಬೇಕು. ಆಗ ದಂಡಕ್ಕೂ ಮೈಗೂ ನಡುವೆ ಒಂದೆರಡು ಅಂಗುಲ ತೆರವಿರಬೇಕು. ಇಲ್ಲವಾದರೆ, ಹಠಾತ್ತನೆ ನಿಲ್ಲಿಸಿ ಕಾಲೂರಬೇಕಾದ ಗಳಿಗೆಯಲ್ಲಿ ಪೆಟ್ಟು ತಪ್ಪದು. ಸೀಟನ್ನು ಎಷ್ಟು ತಗ್ಗಿಸಿದರೂ ಅಡ್ಡದಂಡ ತಗ್ಗುವುದಿಲ್ಲ.

ಇನ್ನು ಸೀಟಿನ ಎತ್ತರ. ಕುಳಿತಲ್ಲಿಂದಲೇ ಎರಡೂ ಪಾದಗಳು ನೆಲಕ್ಕೆ ಪೂರ್ತಿ ತಾಗಬೇಕೆಂದು ಬಯಸುವವರು ಬಹಳ. ಈ ನಿಶ್ಚಿಂತೆಯ ಬೆಲೆಯನ್ನು ತೆರುವುದು ಮೊಣಕಾಲು. ಪೆಡಲು ತೀರ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು; ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರಬೇಕು. ಹ್ಯಾಮ್ಲಿ ಮತ್ತು ಥಾಮಸ್ ಎಂಬ ಆಂಗ್ಲ ಸಂಶೋಧಕರು ೧೯೬೭ರಲ್ಲಿ ಪ್ರಕಟಿಸಿದಂತೆ, ಕೆಳಗಿರುವ ಪೆಡಲಿನ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗಿನ ದೂರ ಒಳಗಾಲಿನ ಉದ್ದದ ನೂರಕ್ಕೆ ೧೦೯ರಷ್ಟಿರಬೇಕು. ಒಳಗಾಲು ೩೦ ಅಂಗುಲವಾದರೆ ಇದು ಸುಮಾರು ೩೨.೭ ಅಂಗುಲ. ನೆಟ್ಟಗೆ ಕುಳಿತು ನಡೆಸುವ ಹಳೆಯ ಸೈಕಲ್ಲಿನಲ್ಲಿ ಇದಕ್ಕಿಂತ ತುಸು ತಗ್ಗಿನಿಂದ ಆರಂಭಿಸಿ, ದಿನಕ್ಕಿಷ್ಟು ಏರಿಸುತ್ತ ಹೋಗುವುದು ಲೇಸು. ಮೊಣಕಾಲಿನ ಮುಂಭಾಗ ನೊಂದರೆ ಸೀಟು ತಗ್ಗಾಗಿರಬಹುದು. ಹಿಂಭಾಗ ನೊಂದರೆ, ಅಥವಾ ಸೊಂಟ ಅತ್ತಿತ್ತ ತೂಗಿದರೆ, ಎತ್ತರವಾಗಿರಬಹುದು.

ಹಳೆಯ ಸೈಕಲ್ಲಿಗೆ ಇನ್ನೆರಡು ಎಚ್ಚರಿಕೆಗಳು ಅಗತ್ಯ. ಚರ್ಮದ ಸೀಟು ಜೋಲುತ್ತದೆ, ಸ್ಪ್ರಿಂಗು ಕುಗ್ಗುತ್ತದೆ. ಆದ್ದರಿಂದ ಸವಾರ ಕುಳಿತಿರುವಾಗಲೇ ಅಳೆಯಬೇಕು. ಸೀಟಿನ ಕಂಬ ಕೊಳವೆಯೊಳಗೆ ಎರಡೂವರೆ ಅಂಗುಲವಾದರೂ ಉಳಿದಿರಬೇಕು. ಇಲ್ಲವಾದರೆ ಕಂಬ ಬಾಗೀತು, ಚೌಕಟ್ಟು ಸೀಳೀತು. ತುಕ್ಕು ಹಿಡಿದು ಕದಲದ ಕಂಬಕ್ಕೆ ಸುತ್ತಿಗೆಯ ಏಟು ಹಾಕದೆ, ಎಣ್ಣೆ ಬಿಟ್ಟು ಒಂದೆರಡು ದಿನ ಕಾಯುವುದು ಜಾಣತನ.

ಇಷ್ಟಾದರೂ ಚೌಕಟ್ಟೇ ದೊಡ್ಡದೆನಿಸಿದರೆ ಹಟ ಹಿಡಿಯಬಾರದು. ಮನೆಯಲ್ಲಿ ಕಾಲುದ್ದವಿರುವ ಮತ್ತೊಬ್ಬರಿಗೆ ಆ ಸೈಕಲ್ಲು ಸಲ್ಲಲಿ. ತಾತನ ನೆನಪನ್ನು ಉಳಿಸಿಕೊಳ್ಳಲು ಮೊಮ್ಮಗ ಮೊಣಕಾಲನ್ನು ತೆರಬೇಕಾಗಿಲ್ಲ.